ಹದಿನಾಲ್ಕನೇ ವಾರದೊಳಗೆ

ದಾವಣಗೆರೆಯ ಸ್ಕ್ಯಾನಿಂಗ್ ಸೆಂಟರುಗಳಲ್ಲಿ ಬೆಳಗಿನ ಹೊತ್ತು ಕೂರಲು ಬೆಂಚು ಸಿಗುವುದಿಲ್ಲ. ಜಗಳೂರು, ಹರಪನಹಳ್ಳಿ ಕಡೆಯ ಬಸ್ಸಿಳಿದು ಬಂದ ಗರ್ಭಿಣಿಯರಲ್ಲಿ ಕೆಲವರು ‘ವಾರ ದಾಟಿದೆ’ ಎನ್ನಿಸಿಕೊಂಡು ಹೊರಬರುತ್ತಾರೆ. ಮಗುವಿಗೆ ಡೌನ್ ಸಿಂಡ್ರೋಮ್ (ಒಂದು ವರ್ಣತಂತು ಹೆಚ್ಚಿರುವುದರಿಂದ ಬುದ್ಧಿ, ಬೆಳವಣಿಗೆ ನಿಧಾನವಾಗುವ ಹುಟ್ಟುಸ್ಥಿತಿ) ಇರುವ ಸಂಭವವನ್ನು ಅಂದಾಜಿಸುವ ಎನ್‌ಟಿ ಸ್ಕ್ಯಾನ್ ಮಾಡಬೇಕಾದ್ದು 11 ವಾರದಿಂದ 13 ವಾರ 6 ದಿನದೊಳಗೆ. ಮೂರು ತಿಂಗಳು ತುಂಬುವ ಮುನ್ನ ಬಸಿರಿನ ಸುದ್ದಿ ಹೊರಗೆ ಬಿಡಬಾರದೆಂಬುದು ನಮ್ಮ ಹಿರಿಯರ ರೂಢಿ. ಸುದ್ದಿ ಹೊರಬೀಳುವ ಹೊತ್ತಿಗೆ ಪರೀಕ್ಷೆಯ ಗಡುವೂ ತೀರಿರುತ್ತದೆ.

ಈ ಗಡುವು ಹುಟ್ಟಿದ್ದು ಹೇಗೆ? ಲೋಹದಲ್ಲಿನ ಬಿರುಕು ಹುಡುಕುವ ಶಬ್ದತರಂಗದ ಯಂತ್ರವನ್ನು ಹೊಟ್ಟೆಯ ಮೇಲಿಟ್ಟು ನೋಡಿದವರು ಗ್ಲಾಸ್ಗೋದ ವೈದ್ಯ ಇಯಾನ್ ಡೊನಾಲ್ಡ್. ಅವರ ವರದಿ ಪ್ರಕಟವಾದದ್ದು 1958ರಲ್ಲಿ. ರಕ್ತಪರೀಕ್ಷೆ 1970ರ ದಶಕದಲ್ಲಿ ಜೊತೆಗೂಡಿತು, ಆದರೆ ನಾಲ್ಕನೇ ತಿಂಗಳು ಬರುವತನಕ ಕಾಯಬೇಕಿತ್ತು. ಡೌನ್ ಸಿಂಡ್ರೋಮ್ ಇರುವವರ ಚರ್ಮ ಮೈಗಿಂತ ದೊಡ್ಡದಾಗಿ ಕಾಣುತ್ತದೆಂದು ಇಂಗ್ಲೆಂಡಿನ ವೈದ್ಯ ಲ್ಯಾಂಗ್ಡನ್ ಡೌನ್ 1866ರಲ್ಲೇ ಬರೆದಿದ್ದರು. 1992ರಲ್ಲಿ ಲಂಡನ್ನಿನ ಕಿಪ್ರೋಸ್ ನಿಕೊಲೈಡ್ಸ್ ತಂಡ ಭ್ರೂಣದ ಕತ್ತಿನ ಹಿಂದೆ ತುಂಬಿಕೊಳ್ಳುವ ದ್ರವದ ದಪ್ಪವನ್ನು (ಇದೇ ಎನ್‌ಟಿ) ಅಳೆದು, ಡೌನ್ ಸಿಂಡ್ರೋಮಿನೊಂದಿಗೆ ಅದರ ನಂಟನ್ನು ತೋರಿಸಿತು. 14 ವಾರ ಕಳೆದ ಮೇಲೆ ಆ ದ್ರವ ಸಾಮಾನ್ಯವಾಗಿ ಕರಗುತ್ತದೆ. ಅಳೆಯಲು ಏನೂ ಉಳಿಯುವುದಿಲ್ಲ. ತಾಯಿಯ ರಕ್ತದ ಎರಡು ಅಂಶಗಳನ್ನು ನೋಡುವ ‘ಡಬಲ್ ಮಾರ್ಕರ್’ ಇದಕ್ಕೆ ಸೇರಿದ ಮೇಲೆ ಡೌನ್ ಸಿಂಡ್ರೋಮ್ ಇರುವ ನೂರು ಗರ್ಭಗಳಲ್ಲಿ ಸುಮಾರು ತೊಂಬತ್ತು ಪತ್ತೆಯಾಗತೊಡಗಿದವು. ತೊಂದರೆಯಿಲ್ಲದ ನೂರರಲ್ಲಿ ಐವರಿಗೆ ಸುಮ್ಮನೆ ಗಾಬರಿ ಹುಟ್ಟುವುದೂ ಇದೆ.

ಆ ಗಾಬರಿ ಸಣ್ಣದಲ್ಲ. ರಿಪೋರ್ಟಿನಲ್ಲಿ ‘ಹೈ ರಿಸ್ಕ್, 1:250’ ಎಂದು ಕಂಡರೆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅದರ ಅರ್ಥ ಇಷ್ಟೇ: ಇಂಥ 250 ಗರ್ಭಿಣಿಯರಲ್ಲಿ 249 ಮಂದಿಯ ಮಗುವಿಗೆ ಆ ತೊಂದರೆ ಇರುವುದಿಲ್ಲ. ಇದನ್ನು ಬಿಡಿಸಿ ಹೇಳಲು ಐದು ನಿಮಿಷ ಸಾಕು. ಸಾಲು ಉದ್ದವಿದ್ದಾಗ ಆ ಐದು ನಿಮಿಷವೇ ಮೊದಲು ಕಡಿತವಾಗುತ್ತದೆ.

ದಾವಣಗೆರೆ ಜಿಲ್ಲೆಯಾದ 1997ರ ಆಗಸ್ಟ್‌ನಲ್ಲೇ ವಿಜ್ಞಾನಿ ಡೆನಿಸ್ ಲೋ ತಂಡ ತಾಯಿಯ ರಕ್ತದಲ್ಲಿ ಭ್ರೂಣದ ಡಿಎನ್‌ಎ ತೇಲುವುದನ್ನು ಪ್ರಕಟಿಸಿತು. ತಾಯಿಯ ರಕ್ತದಲ್ಲೇ ಆ ಡಿಎನ್‌ಎ ಪರೀಕ್ಷಿಸುವ ಇಂದಿನ ಎನ್‌ಐಪಿಟಿ ಅದರ ಫಲ. ಹೆಚ್ಚು ನಿಖರ, ಅಷ್ಟೇ ದುಬಾರಿ. ಅದೂ ಕೊನೆಯ ಮಾತಲ್ಲ. ಖಚಿತವಾಗಬೇಕಾದರೆ ಗರ್ಭಜಲವನ್ನೋ ಮಾಸಿನ ಚೂರನ್ನೋ ತೆಗೆದು ನೋಡಬೇಕು. ಡಿಎನ್‌ಎ ನೋಡಿದರೆ ಗಂಡೋ ಹೆಣ್ಣೋ ಎಂಬುದೂ ತಿಳಿಯುತ್ತದೆ. ಅದನ್ನು ಹೇಳುವುದು 1994ರ ಲಿಂಗಪತ್ತೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಗೋಡೆಯ ಮೇಲಿನ ಆ ಫಲಕ ಅಲಂಕಾರಕ್ಕಲ್ಲ.

ತಾಯಿ ಕಾರ್ಡಿಗಾಗಿ ಕೊನೆಯ ಮುಟ್ಟಿನ ದಿನ ಕೇಳಿದರೆ ಅನೇಕರು ತಾರೀಕು ಹೇಳುವುದಿಲ್ಲ, ‘ಯುಗಾದಿ ಆಗಿ ನಾಲ್ಕು ದಿನಕ್ಕೆ’ ಎನ್ನುತ್ತಾರೆ. ಆಶಾ ಕಾರ್ಯಕರ್ತೆ ಕ್ಯಾಲೆಂಡರ್ ತಿರುವಿ ವಾರ ಎಣಿಸುತ್ತಾಳೆ. ಸ್ಕ್ಯಾನಿನಲ್ಲಿ ಮಗುವಿನ ನೆತ್ತಿಯಿಂದ ಕುಂಡೆಯವರೆಗೆ 45ರಿಂದ 84 ಮಿಲಿಮೀಟರ್ ಇದ್ದರೆ ಇನ್ನೂ ಸಮಯವಿದೆ.