ಒಂದೇ ಮೂಲ, ದಿನಕ್ಕೊಂದು ರೋಹಿತ

ಹೊಳಪಿಗೂ ಒಂದು ಮಿತಿ ಇದೆ. ಅನಿಲ ನುಂಗಿ ಹೊಳೆಯುವ ಕಪ್ಪುಕುಳಿಯನ್ನೇ ನೋಡಿ. ಹೊಳಪು ಜಾಸ್ತಿಯಾದಷ್ಟೂ ಹೊರಬರುವ ಬೆಳಕು ಒಳಬೀಳುವ ಅನಿಲವನ್ನು ಹಿಂದಕ್ಕೆ ತಳ್ಳುತ್ತದೆ. ಅನಿಲ ನಿಂತರೆ ಹೊಳಪೂ ನಿಲ್ಲಬೇಕು ಅಲ್ವಾ? ಇದು ಎಡಿಂಗ್ಟನ್ ಮಿತಿ. ಸೂರ್ಯನ ಹತ್ತು ಪಟ್ಟು ತೂಕದ ಕಪ್ಪುಕುಳಿಗೆ ಅದು ಸುಮಾರು 3 ಲಕ್ಷ ಸೂರ್ಯರಷ್ಟು ಬೆಳಕು.

ಬೇರೆ ಗೆಲಾಕ್ಸಿಗಳ ಕೆಲವು ಎಕ್ಸ್-ರೇ ಮೂಲಗಳು ಈ ಮಿತಿಗೆ ಸೊಪ್ಪು ಹಾಕುವುದಿಲ್ಲ. ಇವು ಸಾವಿರಾರು ಸೂರ್ಯರ ತೂಕದ ಕಪ್ಪುಕುಳಿಗಳು ಇರಬಹುದು ಎಂದು ಅನೇಕರು ನಂಬಿದ್ದರು. 2014ರಲ್ಲಿ ಎಂ82 ಗೆಲಾಕ್ಸಿಯಲ್ಲಿ ಸಿಡಿದ ಸೂಪರ್‌ನೋವಾ ನೋಡಲು ನುಸ್ಟಾರ್ ದೂರದರ್ಶಕ ಅತ್ತ ತಿರುಗಿತು. ಆಗ ಅಲ್ಲೇ ಇದ್ದ ಎಂ82 ಎಕ್ಸ್-2 ಎಂಬ ಮೂಲ 1.37 ಸೆಕೆಂಡಿಗೊಮ್ಮೆ ಮಿಡಿಯುವುದು ಕಂಡಿತು. ಕಪ್ಪುಕುಳಿ ಹೀಗೆ ಗಡಿಯಾರದಂತೆ ಮಿಡಿಯುವುದಿಲ್ಲ. ಅದು ನ್ಯೂಟ್ರಾನ್ ತಾರೆ, ಅಂದರೆ ಸತ್ತ ದೊಡ್ಡ ತಾರೆಯ ಅತಿ ದಟ್ಟ ತಿರುಳು! ಹೊಳಪು ಅದರ ಮಿತಿಯ ಸುಮಾರು ನೂರು ಪಟ್ಟು.

ಇಂಥ ಮೂಲಗಳ ಎಕ್ಸ್-ರೇಯನ್ನು ಶಕ್ತಿಯ ಪ್ರಕಾರ ಬಿಡಿಸಿದರೆ ಸಿಗುವ ಪಟ್ಟಿಯೇ ರೋಹಿತ. ಅದರಲ್ಲಿ ಸಾಮಾನ್ಯವಾಗಿ ಎರಡು ಪಾಲು ಕಾಣುತ್ತದೆ. 1 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಎಕ್ಸ್-ರೇ ಶಕ್ತಿಯ ಅಳತೆ) ಆಸುಪಾಸಿನ ಮೃದು ಪಾಲು ಒಂದು. ಅದಕ್ಕೂ ಮೇಲಿನ ಗಡಸು ಪಾಲು ಇನ್ನೊಂದು. ಕೆಲವು ವಾರ ಬಿಟ್ಟು ನೋಡಿದರೆ ಲೆಕ್ಕವೇ ಬದಲಾಗಿರುತ್ತದೆ. ಗಡಸು ಪಾಲು ಕುಗ್ಗಿ ಮೃದು ಪಾಲು ಮುಂದೆ ಬಂದಿರಬಹುದು.

ಯಾಕೆ? ಒಳಬೀಳುವ ಅನಿಲ ಮೊದಲು ಮೂಲದ ಸುತ್ತ ತಟ್ಟೆಯಂತೆ ಸುತ್ತುತ್ತದೆ. ಅತಿಯಾಗಿ ಅನಿಲ ಸುರಿದಾಗ ಈ ತಟ್ಟೆ ಒಳಭಾಗದಲ್ಲಿ ಉಬ್ಬುತ್ತದೆ, ಬಿರುಗಾಳಿ ಏಳುತ್ತದೆ. ನಡುವೆ ಎಣ್ಣೆ ಸುರಿಯುವ ಆಲಿಕೆಯಂಥ ಪೊಳ್ಳು ಉಳಿಯುತ್ತದೆ. ಅದರ ಬಾಯಿಯೊಳಗೆ ಇಣುಕಿದರೆ ಕಾಣುವುದು ಸುಡುಬಿಸಿ ಒಳಭಾಗ, ಅಂದರೆ ಗಡಸು ಎಕ್ಸ್-ರೇ. ಪಕ್ಕದಿಂದ ನೋಡಿದರೆ ಗಾಳಿ ಅಡ್ಡ ಬರುತ್ತದೆ, ಮೃದು ಬೆಳಕಷ್ಟೇ ಸಿಗುತ್ತದೆ. ಈ ಗಾಳಿ ಸುಮ್ನೆ ಊಹೆಯಲ್ಲ. 2016ರಲ್ಲಿ ಎನ್‌ಜಿಸಿ 1313 ಎಕ್ಸ್-1 ಎಂಬ ಇಂಥದ್ದೇ ಮೂಲದ ರೋಹಿತದಲ್ಲೇ ಅದರ ಗುರುತು ಸಿಕ್ಕಿತು. ವೇಗ ಬೆಳಕಿನ ಐದನೇ ಒಂದರಷ್ಟು.

ತೊಡಕು ಇರುವುದು ಮುಂದೆ. ತಟ್ಟೆ ಓಲಾಡಿದರೂ ರೋಹಿತ ಬದಲಾಗುತ್ತದೆ, ಅನಿಲ ಹೆಚ್ಚಿ ಗಾಳಿ ದಟ್ಟವಾದರೂ ಬದಲಾಗುತ್ತದೆ. ಎರಡನ್ನೂ ಬೇರ್ಪಡಿಸಲು ವರ್ಷಗಟ್ಟಲೆ ಒಂದೇ ಮೂಲದ ಬೆನ್ನು ಹತ್ತಬೇಕು. ಒಂದೇ ಒಂದು ರೋಹಿತ ಹಿಡಿದು ಇದು ಇಂಥದ್ದೇ ಎಂದು ಹೇಳಿದರೆ ನಾನಂತೂ ನಂಬುವುದಿಲ್ಲ.

ಆಲಿಕೆ ಬೆಳಕನ್ನು ನಮ್ಮತ್ತ ಕೂಡಿಸಿ ಕಳಿಸುತ್ತಿದೆ, ಮಿತಿ ಮೀರಿದ್ದು ಬರೀ ತೋರಿಕೆ ಎಂಬ ವಾದವೂ ಇದೆ. ಆದರೆ 2023ರಲ್ಲಿ ಪ್ರಕಟವಾದ ಲೆಕ್ಕದಂತೆ, ಎಂ82 ಎಕ್ಸ್-2 ತನ್ನ ಜೊತೆ ತಾರೆಯಿಂದ ವರ್ಷಕ್ಕೆ ಸುಮಾರು ಒಂದೂವರೆ ಭೂಮಿಯಷ್ಟು ಅನಿಲ ಎಳೆದುಕೊಳ್ಳುತ್ತಿದೆ. ಅಷ್ಟು ಅನಿಲ ಆ ಹೊಳಪಿಗೆ ಧಾರಾಳ ಸಾಕು.