ರೈನ್‌ಕೋಟ್ ಹಾಕಿಕೊಂಡು ಚಾಮುಂಡಿ ಬೆಟ್ಟ ಹತ್ತಿದ ಬಾಕ್ಸರ್

ಹೋದ ಬೇಸಿಗೆಯಲ್ಲಿ ಮದ್ದೂರು ಕಡೆಯ ಹುಡುಗನೊಬ್ಬನನ್ನು ಅವರಪ್ಪ ಆಟೋದಲ್ಲಿ ನನ್ನ ಕ್ಲಿನಿಕ್ಕಿಗೆ ಕರೆತಂದರು. ಎರಡೂ ಮೀನಖಂಡ ಕಲ್ಲಿನಂತೆ ಬಿಗಿದುಕೊಂಡಿತ್ತು. ತುಟಿ ಒಡೆದಿತ್ತು. ಪ್ಲಾಸ್ಟಿಕ್ ರೈನ್‌ಕೋಟ್ ಹಾಕಿ, ಅದರ ಮೇಲೊಂದು ಜಾಕೆಟ್ ಏರಿಸಿಕೊಂಡು, ಬೆಳಿಗ್ಗೆಯಿಂದ ಎರಡು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿದಿದ್ದ. ಮೂರನೇ ಸಲ ನಂದಿ ಹತ್ತಿರ ಕಾಲು ಹಿಡಿದುಕೊಂಡು ಕೂತುಬಿಟ್ಟಿದ್ದಾನೆ. ಹಿಂದಿನ ರಾತ್ರಿಯಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ.

'ಮೂತ್ರ ಯಾವ ಬಣ್ಣ ಹೋಯ್ತಪ್ಪಾ?' ಅಂದೆ.

'ಬೆಲ್ಲದ ನೀರಿನ ಥರ, ಸಾರ್.'

ಮೊದಲು ಆಸ್ಪತ್ರೆಗೆ ಕಳಿಸಿದೆ. ಡ್ರಿಪ್ ಹಾಕಿಸಿ, ಕಿಡ್ನಿಯ ರಕ್ತಪರೀಕ್ಷೆ ಮಾಡಿಸಿಕೊಂಡು ಬನ್ನಿ, ಆಮೇಲೆ ಕಾಲು ನೋಡೋಣ ಅಂತ. ನಾನು ಫಿಸಿಯೋಥೆರಪಿಸ್ಟ್. ಜನ 'ಡಾಕ್ಟ್ರೇ' ಅಂದಾಗ ಮೊದಮೊದಲು ತಿದ್ದುತ್ತಿದ್ದೆ, ಈಗ ಸುಮ್ಮನಿರುತ್ತೇನೆ.

ಎರಡು ದಿನ ಬಿಟ್ಟು ಅಪ್ಪ ಮಗ ಮತ್ತೆ ಬಂದರು. ಹುಡುಗನ ತೂಕ 78 ಕಿಲೋ. ಒಲಿಂಪಿಕ್ಸ್ ಥರದ ಅಮೆಚೂರ್ ಬಾಕ್ಸಿಂಗ್ ಬಿಟ್ಟು ದುಡ್ಡಿಗೆ ಆಡುವ ಪ್ರೊ ಬಾಕ್ಸರ್ ಆಗಬೇಕು, ಮಿಡ್ಲ್‌ವೇಟ್ ಅನ್ನುವ ತೂಕದ ವರ್ಗದಲ್ಲಿ ಆಡಬೇಕು ಅನ್ನುವುದು ಆಸೆ. ಅಪ್ಪನಿಗೆ ಒಂದೇ ಸಿಟ್ಟು. 'ನಮ್ಮಪ್ಪ ಗರಡೀಲಿ ಬಾದಾಮಿ ತುಪ್ಪ ತಿಂದು ತೂಕ ಏರುಸ್ಕೊತಿದ್ರು ಡಾಕ್ಟ್ರೇ. ಇವ್ನು ತೂಕ ಇಳಿಸ್ಕೊಂಡು ಸಾಯ್ತಾವ್ನೆ.'

ಅವರ ಮಾತಿನಲ್ಲಿ ಇಡೀ ವಿಷಯ ಇದೆ. ನಮ್ಮ ದಸರಾ ಕುಸ್ತಿಗೆ ಮುಂಚೆ ಉಸ್ತಾದರು, ಹಿರಿಯರು ಕೂತು ಜೋಡಿ ಕಟ್ಟುತ್ತಾರೆ. ಪೈಲ್ವಾನರನ್ನು ಎದುರು ಬದುರು ನಿಲ್ಲಿಸಿ, ಮೈಕಟ್ಟು ನೋಡಿ, ಸಮ ಅನ್ನಿಸಿದರೆ ಆಯ್ತು. ಬಾಕ್ಸಿಂಗ್‌ನಲ್ಲಿ ಜೋಡಿ ಕಟ್ಟುವುದು ತಕ್ಕಡಿ. ಪ್ರೊ ಮಿಡ್ಲ್‌ವೇಟ್ ಅಂದರೆ 160 ಪೌಂಡ್, ನಮ್ಮ ಲೆಕ್ಕದಲ್ಲಿ 72.57 ಕಿಲೋ. ವಿಶ್ವ ಪ್ರಶಸ್ತಿ ಪಂದ್ಯವಾದರೆ ನೂರು ಗ್ರಾಂ ಜಾಸ್ತಿಯಿದ್ದರೂ ಚಾಂಪಿಯನ್ ಬೆಲ್ಟ್ ಸಿಗುವುದಿಲ್ಲ.

'ವಿಜೇಂದರ್ ಸಿಂಗ್ ಮಿಡ್ಲ್‌ವೇಟ್ ಅಲ್ವಾ ಸಾರ್?' ಅಂದ ಹುಡುಗ. ಹೌದು, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಿದ್ದು ಮಿಡ್ಲ್‌ವೇಟ್‌ನಲ್ಲೇ. ಆದರೆ ಅಲ್ಲಿನ ಮಿಡ್ಲ್‌ವೇಟ್ 75 ಕಿಲೋ. 2015ರಲ್ಲಿ ಪ್ರೊ ಆದ ಮೇಲೆ, 2016ರಲ್ಲಿ ದೆಹಲಿಯಲ್ಲಿ ಕೆರ್ರಿ ಹೋಪ್ ಅವರನ್ನು ಸೋಲಿಸಿ ಡಬ್ಲ್ಯುಬಿಒ (ಪ್ರೊ ಬಾಕ್ಸಿಂಗ್‌ನ ಒಂದು ಸಂಸ್ಥೆ) ಏಷ್ಯಾ ಪೆಸಿಫಿಕ್ ಬೆಲ್ಟ್ ಗೆದ್ದಿದ್ದು ಸೂಪರ್ ಮಿಡ್ಲ್‌ವೇಟ್‌ನಲ್ಲಿ. ಅದು 76.2 ಕಿಲೋ. ಹೆಸರು ನೋಡಿ ತೂಕ ಆರಿಸಿಕೊಂಡರೆ ಹೀಗೇ ಎಡವಟ್ಟಾಗುತ್ತದೆ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಅಮೆಚೂರ್‌ನಲ್ಲಿ ಪಂದ್ಯದ ದಿನ ಬೆಳಿಗ್ಗೆಯೇ ತೂಕ ನೋಡುತ್ತಾರೆ. ಮತ್ತೊಂದು ದಿನ ಪಂದ್ಯ ಇದ್ದರೆ ಮತ್ತೆ ತಕ್ಕಡಿ ಹತ್ತಬೇಕು. ಮೈ ಒಣಗಿಸಿಕೊಂಡು ಹೋದವನಿಗೆ ಸಂಜೆಯೊಳಗೆ ಕಾಲಲ್ಲಿ ಕಸುವಿರುವುದಿಲ್ಲ. ಪ್ರೊನಲ್ಲಿ ಹಿಂದಿನ ದಿನವೇ ತೂಕ. ಮಧ್ಯೆ ಒಂದು ದಿನ, ಒಂದು ರಾತ್ರಿ ಸಿಗುತ್ತದೆ. ಹಾಗಾಗಿ ಎಲ್ಲರೂ ಒಂದೇ ಆಟ ಆಡುತ್ತಾರೆ: ನೀರು ಇಳಿಸು, ತಕ್ಕಡಿ ಹತ್ತು, ನೀರು ತುಂಬಿಸು. ಐಬಿಎಫ್ ಅನ್ನುವ ಇನ್ನೊಂದು ಪ್ರೊ ಬಾಕ್ಸಿಂಗ್ ಸಂಸ್ಥೆ ವರ್ಷಗಟ್ಟಲೆ ಪ್ರಶಸ್ತಿ ಪಂದ್ಯಗಳಲ್ಲಿ ಮರುದಿನ ಬೆಳಿಗ್ಗೆ ಇನ್ನೊಮ್ಮೆ ತೂಗಿ, ಮಿತಿಗಿಂತ 10 ಪೌಂಡ್ ಮೀರಬಾರದು ಅನ್ನುತ್ತಿತ್ತು. 10 ಪೌಂಡ್ ಅಂದರೆ ನಾಲ್ಕೂವರೆ ಕಿಲೋ. ಒಂದೇ ರಾತ್ರಿಗೆ ಅಷ್ಟು ಏರಿದರೂ ಅವರ ಲೆಕ್ಕದಲ್ಲಿ ಸರಿ!

ಕೊನೆಯ ವಾರದಲ್ಲಿ ಇಳಿಯುವುದು ಕೊಬ್ಬಲ್ಲ. ಅನ್ನ, ಮುದ್ದೆ ಕಮ್ಮಿ ಮಾಡಿದಾಗ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಅನ್ನುವ ಸಕ್ಕರೆಯ ದಾಸ್ತಾನು ಖಾಲಿಯಾಗುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ, ಅದೂ ಹೊರಟುಹೋಗುತ್ತದೆ. ಇಷ್ಟಕ್ಕೇ ಒಂದೂವರೆ ಕಿಲೋ ಇಳಿಯಬಹುದು. ಉಳಿದಿದ್ದು ಉಪ್ಪು ಬಿಟ್ಟು, ನೀರು ಬಿಟ್ಟು, ಬೆವರು ಸುರಿಸಿ. ಮೈತೂಕದ ನೂರಕ್ಕೆ ಎರಡರಷ್ಟು ನೀರು ಹೋದರೇ ದಮ್ಮು ಕಮ್ಮಿಯಾಗುತ್ತದೆ. ಈ ಹುಡುಗ ಇಳಿಸಲು ಹೊರಟಿದ್ದು ನೂರಕ್ಕೆ ಏಳರಷ್ಟು. ರಕ್ತ ಗಟ್ಟಿಯಾಗುತ್ತದೆ, ಎದೆಬಡಿತ ಏರುತ್ತದೆ. ರೈನ್‌ಕೋಟ್ ಒಳಗೆ ಬೆವರು ಆರುವುದಿಲ್ಲವಲ್ಲ, ಮೈ ಕುಕ್ಕರ್ ಆಗುತ್ತದೆ. ಹೀಗೆ ಪ್ರಾಣ ಬಿಟ್ಟ ಆಟಗಾರರೂ ಇದ್ದಾರೆ.

'ತಕ್ಕಡಿ ಇಳಿದ ಮೇಲೆ ಕುಡಿದರೆ ಆಯ್ತಲ್ಲ ಸಾರ್?' ಬಾಯಿಗೆ ಸುರಿದ ನೀರೆಲ್ಲ ತಕ್ಷಣ ಸ್ನಾಯುವಿಗೆ ಹೋಗುವುದಿಲ್ಲಪ್ಪಾ. ಉಪ್ಪಿನಂಶ ಇಲ್ಲದ ಬರೀ ನೀರಾದರೆ ಸಾಕಷ್ಟು ಪಾಲು ಬಾತ್‌ರೂಮ್ ಸೇರುತ್ತದೆ. ಮರುದಿನ ತಕ್ಕಡಿಯಲ್ಲಿ 77 ತೋರಿಸಬಹುದು, ರಿಂಗ್‌ನಲ್ಲಿ ಕಾಲು ಎಳೆಯುತ್ತದೆ. ಸುಸ್ತಾದವನಿಗೆ ಏಟು ಬರುವುದು ಕಾಣುತ್ತದೆ, ತಲೆ ಮಾತ್ರ ಜಾಗ ಬಿಟ್ಟು ಸರಿಯುವುದಿಲ್ಲ.

ಒಂದು ಸಲದ ಮಾತಾದರೆ ಹೇಗೋ ತಡೆಯಬಹುದು. ಪ್ರೊ ಬಾಕ್ಸರ್ ನಾಲ್ಕು ಸುತ್ತಿನ ಪಂದ್ಯದಿಂದ ಶುರು ಮಾಡಿ, ಆರು, ಎಂಟು, ಹತ್ತು ಅಂತ ಹತ್ತಿಕೊಂಡು ಹನ್ನೆರಡು ಸುತ್ತಿಗೆ ಹೋಗಬೇಕು. ಅಮೆರಿಕದ ಬಾಕ್ಸರ್ ಮಾರ್ವಿನ್ ಹ್ಯಾಗ್ಲರ್ ಪ್ರೊ ಆಗಿದ್ದು 1973ರಲ್ಲಿ, ವಿಶ್ವ ಮಿಡ್ಲ್‌ವೇಟ್ ಬೆಲ್ಟ್ ಸಿಕ್ಕಿದ್ದು 1980ರಲ್ಲಿ. ಅಷ್ಟರಲ್ಲಿ ಐವತ್ತಕ್ಕೂ ಜಾಸ್ತಿ ಸಲ ತಕ್ಕಡಿ ಹತ್ತಿದ್ದರು. ಪ್ರತಿ ಸಲವೂ ಐದು ಕಿಲೋ ನೀರು ಹಿಂಡಿಕೊಂಡಿದ್ದರೆ ಏನು ಉಳಿಯುತ್ತಿತ್ತು?

ನನಗೆ ಇಷ್ಟವಾದ ಉದಾಹರಣೆ ಅಮೆರಿಕದ ಇನ್ನೊಬ್ಬ ಬಾಕ್ಸರ್ ಬರ್ನಾರ್ಡ್ ಹಾಪ್ಕಿನ್ಸ್. 1988ರ ಮೊದಲ ಪಂದ್ಯವನ್ನು ಸೂಪರ್ ಮಿಡ್ಲ್‌ವೇಟ್‌ಗಿಂತಲೂ ಮೇಲಿನ ಲೈಟ್ ಹೆವಿವೇಟ್‌ನಲ್ಲಿ ಆಡಿ ಸೋತರು. ಒಂದು ವರ್ಷಕ್ಕೂ ಜಾಸ್ತಿ ಬಿಟ್ಟು ತೂಕ ಇಳಿಸಿಕೊಂಡು ವಾಪಸ್ ಬಂದರು, ಮಿಡ್ಲ್‌ವೇಟ್ ಬೆಲ್ಟನ್ನು ಇಪ್ಪತ್ತು ಸಲ ಉಳಿಸಿಕೊಂಡರು. 2006ರಲ್ಲಿ ಮತ್ತೆ ಲೈಟ್ ಹೆವಿವೇಟ್‌ಗೆ ಹೋದರು, 2011ರಲ್ಲಿ ಅಲ್ಲಿ ವಿಶ್ವ ಚಾಂಪಿಯನ್ ಆದಾಗ ವಯಸ್ಸು 46. ಪಂದ್ಯ ಇರಲಿ ಬಿಡಲಿ, ವರ್ಷವಿಡೀ ಪಂದ್ಯದ ತೂಕದ ಆಸುಪಾಸಿನಲ್ಲೇ ಇರುತ್ತಿದ್ದ ಮನುಷ್ಯ. ಪಂದ್ಯ ಮುಗಿದ ಮರುದಿನ ಬಿರಿಯಾನಿ ಹೋಟೆಲ್ ಹುಡುಕುವ ನಮ್ಮ ಹುಡುಗರಿಗೆ ಇದನ್ನು ಹೇಳಿದರೆ ನಗುತ್ತಾರೆ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಮೊದಲು 76.2ರಲ್ಲಿ ಆಡು. ನಿಜವಾಗಿ 72.57ಕ್ಕೆ ಬರಬೇಕಾದರೆ ವಾರಕ್ಕೆ ಅರ್ಧ ಕಿಲೋ, ಮೂರು ತಿಂಗಳು. ಹತ್ತು ದಿನ ಮುಂಚೆ ಫೋನ್ ಮಾಡಿ 'ಬರ್ತೀಯಾ' ಅಂತ ಕೇಳುವ ಪಂದ್ಯ ಬೇಡ.

'ಮುದ್ದೆ ಬಿಡ್ಬೇಕಾ ಡಾಕ್ಟ್ರೇ?' ಅಂದರು ಅಪ್ಪ, ಗಾಬರಿಯಿಂದ.

ಬಿಡೋದೇನೂ ಬೇಡ, ಎರಡು ತಿನ್ನೋ ಕಡೆ ಒಂದು ತಿನ್ನಲಿ, ಸೊಪ್ಪು ಕಾಳು ಜಾಸ್ತಿ ಹಾಕಿ ಅಂದೆ. ಅವರು ನಿರಾಳವಾಗಿ ಉಸಿರು ಬಿಟ್ಟರು.

ಮೊನ್ನೆ ಇಬ್ಬರೂ ಬಂದಿದ್ದರು. ಹುಡುಗ 75.8 ಇದ್ದಾನೆ, ತುಟಿ ಒಡೆದಿಲ್ಲ. ರೈನ್‌ಕೋಟ್ ಎಲ್ಲಪ್ಪಾ ಅಂತ ಕೇಳಿದೆ. ಅಪ್ಪನ ಹತ್ತಿರ ಇದೆಯಂತೆ. ರಾತ್ರಿ ಕರೆಂಟ್ ಬಂದಾಗ ಮಳೆ ಹನೀತಿದ್ರೆ, ಅದನ್ನು ಹಾಕಿಕೊಂಡೇ ಕಬ್ಬಿಗೆ ನೀರು ಕಟ್ಟೋಕೆ ಹೋಗ್ತಾರಂತೆ.