ಎಷ್ಟು ತಿಂಗಳ ಕೋರ್ಸು ಎಂಬುದು ಮೊದಲ ಪ್ರಶ್ನೆಯಲ್ಲ

ಮೇ, ಜೂನ್ ಬಂತೆಂದರೆ ನರ್ಸಿಂಗ್ ಓದಬೇಕೆಂದು ನನಗೆ ಒಂದೇ ಬಗೆಯ ಕರೆಗಳು. ಮಾತಾಡುವವರು ಮೂವತ್ತು ದಾಟಿದ ಹೆಣ್ಣುಮಕ್ಕಳು. ಪಿಯುಸಿ ಮುಗಿಯುತ್ತಲೇ ಮದುವೆಯಾಗಿ, ಮಕ್ಕಳನ್ನು ಶಾಲೆಗೆ ಸೇರಿಸಿದ ಮೇಲೆ ಈಗಷ್ಟೇ ತಮ್ಮ ಬಗ್ಗೆ ಯೋಚಿಸಲು ಪುರುಸೊತ್ತು ಸಿಕ್ಕವರು. ಅತ್ತೆಯನ್ನೋ ಅಪ್ಪನನ್ನೋ ಆಸ್ಪತ್ರೆಯಲ್ಲಿಟ್ಟುಕೊಂಡು ಹತ್ತು ದಿನ ಕಳೆದಾಗ, ವಾರ್ಡಿನ ಸಿಸ್ಟರ್ ಕೆಲಸ ನೋಡಿ ‘ಇದು ನನ್ನ ಕೈಲೂ ಆಗುತ್ತೆ’ ಅನ್ನಿಸಿದವರು. ಆ ಆಸೆ ಗಟ್ಟಿಯಾದದ್ದು. ಮನೆ ನಡೆಸಿದ ಕೈಗೆ ವಾರ್ಡು ಬೇಗ ಒಗ್ಗುತ್ತದೆ ಎಂಬುದೂ ನಿಜ. ಆದರೆ ಬಾಯಿಂದ ಬರುವ ಮೊದಲ ಪ್ರಶ್ನೆ ಪ್ರತಿ ಸಲವೂ ಅದೇ: ‘ಮೇಡಂ, ನರ್ಸಿಂಗು ಎಷ್ಟು ತಿಂಗಳ ಕೋರ್ಸು?’

ತಿಂಗಳ ಲೆಕ್ಕದಲ್ಲಿ ಕೇಳುವವರಿಗೆ ತಿಂಗಳ ಲೆಕ್ಕದಲ್ಲೇ ಮಾರುವವರು ಬಸ್ ನಿಲ್ದಾಣದ ಎದುರು, ಎರಡನೇ ಮಹಡಿಯಲ್ಲಿ ಕೂತಿರುತ್ತಾರೆ. ಆರು ತಿಂಗಳಿಗೊಂದು ದರ, ವರ್ಷಕ್ಕೊಂದು ದರ. ನೀವು ಮೊದಲು ಕೇಳಬೇಕಾದದ್ದು ಬೇರೆಯೇ: ಓದು ಮುಗಿದ ಮೇಲೆ ನನ್ನ ಹೆಸರು ಯಾವ ರಿಜಿಸ್ಟರಿಗೆ ಏರುತ್ತದೆ?

ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ನರ್ಸ್ ಎನ್ನುವುದು ಸರ್ಟಿಫಿಕೇಟಿನಿಂದ ಬರುವ ಹೆಸರಲ್ಲ, ನೋಂದಣಿಯಿಂದ ಬರುವ ಹೆಸರು. ಕರ್ನಾಟಕದಲ್ಲಿ ಆ ನೋಂದಣಿ ಮಾಡುವುದು ರಾಜ್ಯ ಶುಶ್ರೂಷಾ ಪರಿಷತ್ತು, 1961ರ ಕಾಯ್ದೆಯ ಅಡಿಯಲ್ಲಿ. ಹೊಸದಾಗಿ ಓದಲು ಹೊರಟವರಿಗೆ ಅಲ್ಲಿಗೆ ಹೋಗುವ ದಾರಿಗಳು ಮೂರೇ: ಎರಡು ವರ್ಷದ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿಯ ಓದು), ಮೂರು ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ), ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್. ಇವುಗಳಲ್ಲಿ ಯಾವುದಕ್ಕೂ ಭಾನುವಾರದ ಬ್ಯಾಚ್ ಇಲ್ಲ, ಅಂಚೆಯಲ್ಲಿ ಬರುವ ಪಾಠವಿಲ್ಲ. ಹೆಸರಿನಲ್ಲಿ ‘ನರ್ಸಿಂಗ್’ ಎಂದಿದ್ದು ಈ ಮೂರರಲ್ಲಿ ಒಂದಲ್ಲದ ಸರ್ಟಿಫಿಕೇಟನ್ನು ಪರಿಷತ್ತಿನ ಕೌಂಟರಿನಲ್ಲಿ ಇಟ್ಟರೆ ಅದು ಹಾಗೆಯೇ ಹಿಂದಕ್ಕೆ ಬರುತ್ತದೆ.

‘ಆದರೆ ಮೇಡಂ, ಸರ್ಕಾರದ ಮಾನ್ಯತೆ ಇದೆ ಅಂತ ಬೋರ್ಡಿನಲ್ಲೇ ಬರೆದಿದ್ದಾರೆ.’ ಆ ಬೋರ್ಡಿನ ಕೆಳಗಿನ ಸಣ್ಣ ಅಕ್ಷರ ಓದಿ. ಬಹಳಷ್ಟು ಕಡೆ ಅಲ್ಲಿರುವುದು ಸಂಘ ಸಂಸ್ಥೆಯ ನೋಂದಣಿ ಸಂಖ್ಯೆ, ಟ್ರಸ್ಟಿನ ನೋಂದಣಿ ಸಂಖ್ಯೆ, ಇಲ್ಲವೇ ಐಎಸ್‌ಒ ಪ್ರಮಾಣಪತ್ರದ ಸಂಖ್ಯೆ. ಊರಿನ ಯುವಕ ಸಂಘವೂ 1960ರ ಸಂಘಗಳ ಕಾಯ್ದೆಯಲ್ಲಿ ನೋಂದಣಿಯಾಗಿರುತ್ತದೆ. ಅಷ್ಟಕ್ಕೇ ಅದು ನರ್ಸುಗಳನ್ನು ತಯಾರು ಮಾಡಲಾಗದು. ಸಂಸ್ಥೆ ನೋಂದಣಿಯಾಗಿರುವುದು ಒಂದು ಮಾತು, ಅಲ್ಲಿ ಓದಿದ ನೀವು ನೋಂದಣಿಯಾಗುವುದು ಇನ್ನೊಂದು ಮಾತು. ಮೋಸ ನಡೆಯುವುದು ಈ ಎರಡು ಮಾತುಗಳ ನಡುವಿನ ಸಂದಿಯಲ್ಲಿ.

ಆರು ತಿಂಗಳ ತರಬೇತಿಗಳೆಲ್ಲ ಮೋಸ ಎನ್ನುತ್ತಿಲ್ಲ. ಜನರಲ್ ಡ್ಯೂಟಿ ಅಸಿಸ್ಟೆಂಟ್ ಎಂಬ ಕೌಶಲ ತರಬೇತಿ ಇದೆ. ಹಾಸಿಗೆ ಹಿಡಿದವರಿಗೆ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಊಟ ಮಾಡಿಸುವುದು, ಬೆಡ್‌ಪ್ಯಾನ್ ಕೊಡುವುದು, ಇವನ್ನು ಅಲ್ಲಿ ಕಲಿಸುತ್ತಾರೆ. ಗೌರವದ ಕೆಲಸ, ಬೇಡಿಕೆಯೂ ಇದೆ. ಮಂಗಳೂರಿಂದ ಬೆಂಗಳೂರಿನವರೆಗೆ ‘ಹೋಮ್ ನರ್ಸ್’ ಎಂದು ಕರೆಸಿಕೊಳ್ಳುವ ಅನೇಕರು ಮಾಡುವುದು ಇದನ್ನೇ. ಮನೆಗೆ ತಕ್ಷಣ ಸಂಬಳ ಬೇಕಿದ್ದರೆ, ತಿಳಿದೇ ಇದನ್ನು ಆರಿಸಿಕೊಳ್ಳಿ. ಆದರೆ ಈ ತರಬೇತಿ ಪಡೆದವರು ಇಂಜೆಕ್ಷನ್ ಕೊಡುವಂತಿಲ್ಲ, ಮುಂದೆ ಜಿಎನ್‌ಎಂ ಮಾಡಿದರೆ ಈ ಆರು ತಿಂಗಳಿಗೆ ಒಂದು ದಿನದ ವಿನಾಯಿತಿಯೂ ಇಲ್ಲ.

ಹದಿನೆಂಟರ ಹುಡುಗಿ ತಪ್ಪು ಕೋರ್ಸಿಗೆ ಸೇರಿ ಎರಡು ವರ್ಷ ಕಳೆದರೆ ದುಡ್ಡು ಹೋಯಿತು, ಇಪ್ಪತ್ತಕ್ಕೆ ಮತ್ತೆ ಶುರು ಮಾಡಬಹುದು. ಮೂವತ್ತಮೂರರವರಿಗೆ ಆ ಅನುಕೂಲವಿಲ್ಲ. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಲ್ಲಿ ಜಿಎನ್‌ಎಂಗೂ ಬಿಎಸ್ಸಿಗೂ ಗರಿಷ್ಠ ವಯಸ್ಸು 35. ಇಬ್ಬರು ಮಕ್ಕಳ ತಾಯಿಯೊಬ್ಬರು ಎರಡು ವರ್ಷದ ‘ನರ್ಸಿಂಗ್ ಡಿಪ್ಲೊಮಾ’ ಮುಗಿಸಿ, ಲ್ಯಾಮಿನೇಟ್ ಮಾಡಿಸಿದ ಸರ್ಟಿಫಿಕೇಟು ಹಿಡಿದು ಬಂದರು. ಅಂಕಗಳೆಲ್ಲ ಎಂಬತ್ತರ ಮೇಲೆ. ಅದಕ್ಕೆ ನೋಂದಣಿ ಇಲ್ಲ ಎಂದಾಗ ಅವರು ಅಳಲಿಲ್ಲ, ‘ಹಾಗಾದರೆ ಸರಿಯಾದದ್ದಕ್ಕೆ ಸೇರುತ್ತೇನೆ, ಮೂರು ವರ್ಷ ತಾನೆ’ ಎಂದರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆಸಿ ನೋಡಿದರೆ 36 ನಡೆಯುತ್ತಿತ್ತು. ಆ ಡಿಪ್ಲೊಮಾಗೆ ಸೇರುವ ದಿನ ಬಾಗಿಲು ಇನ್ನೂ ತೆರೆದೇ ಇತ್ತು.

ವಯಸ್ಸೆಂದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ವಯಸ್ಸು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನ ಮೇಲೆ ಜೂನ್ 1 ಎಂದು ಬರೆದ ಜನ್ಮದಿನಗಳು ನಮ್ಮ ಹಳ್ಳಿಗಳಲ್ಲಿ ಲೆಕ್ಕವಿಲ್ಲದಷ್ಟಿವೆ. ‘ನಾನು ನಿಜವಾಗಿ ಒಂದು ವರ್ಷ ಚಿಕ್ಕವಳು’ ಎಂಬ ಮಾತು ಸತ್ಯವೇ ಇರಬಹುದು, ಪ್ರವೇಶದ ಕಡತಕ್ಕೆ ಅದು ಕೇಳಿಸುವುದಿಲ್ಲ. ಅದನ್ನು ತಿದ್ದಿಸಲು ಹೊರಟರೆ ಕೋರ್ಟಿನ ಅಲೆದಾಟದಲ್ಲೇ ಪ್ರವೇಶದ ಅವಧಿ ಮುಗಿದುಹೋಗುತ್ತದೆ. ಹಾಗಾಗಿ 32 ದಾಟಿದವರು ಕಾಲೇಜು ಹುಡುಕುವ ಮುಂಚೆ ಅಂಕಪಟ್ಟಿ ಹುಡುಕಲಿ, ವಯಸ್ಸನ್ನು ಯಾವ ದಿನಾಂಕಕ್ಕೆ ಎಣಿಸುತ್ತಾರೆ ಎಂಬುದನ್ನು ಆ ವರ್ಷದ ಅಧಿಸೂಚನೆಯಲ್ಲಿ ಓದಲಿ.

ಅರ್ಹತೆಯ ಬಗ್ಗೆಯೂ ಒಂದು ಮಾತು. ಪಿಯುಸಿಯಲ್ಲಿ ಕಲಾ ವಿಭಾಗ ಓದಿದವರು ನರ್ಸಿಂಗ್ ತಮಗಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ. ಜಿಎನ್‌ಎಂಗೆ ಯಾವ ವಿಭಾಗವಾದರೂ ಆಗುತ್ತದೆ. ಬೇಕಿರುವುದು ಒಟ್ಟು ಶೇ 40 ಅಂಕ, ಇಂಗ್ಲಿಷಿನಲ್ಲೂ 40. ಇಲ್ಲಿ ಎಡವುವವರು ಫೇಲಾದವರಲ್ಲ, 35ಕ್ಕೆ ಪಾಸಾದವರು. ಇಂಗ್ಲಿಷಿನಲ್ಲಿ 37 ಬಂದಿದ್ದರೆ ಪಿಯುಸಿ ಪಾಸು, ಜಿಎನ್‌ಎಂಗೆ ಸಾಲದು. ಬಿಎಸ್ಸಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಲೇಬೇಕು, ಒಟ್ಟು ಶೇ 45 ಬೇಕು. ವಿಜ್ಞಾನ ಓದದವರಿಗೆ, ಪಿಯುಸಿ ಅರ್ಧಕ್ಕೆ ಬಿಟ್ಟವರಿಗೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್, ಒಳ್ಳೆಯ ದಾರಿ. ಐದು ವಿಷಯ. ವರ್ಷಕ್ಕೆ ಎರಡು ಪರೀಕ್ಷೆ, ಏಪ್ರಿಲ್–ಮೇನಲ್ಲಿ ಒಂದು, ಅಕ್ಟೋಬರ್–ನವೆಂಬರ್‌ನಲ್ಲಿ ಒಂದು. ಒಮ್ಮೆ ಸೇರಿದರೆ ಐದು ವರ್ಷ ಅವಕಾಶ. ಆದರೆ ವಿಜ್ಞಾನದ ಪ್ರಾಕ್ಟಿಕಲ್‌ಗೆ ಖುದ್ದಾಗಿ ಹೋಗಬೇಕು. ಮತ್ತೆ ಇಲ್ಲಿಯೂ ವಯಸ್ಸಿನ ಗಡಿಯಾರ ಓಡುತ್ತಲೇ ಇರುತ್ತದೆ.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ. ಬಿಎಸ್ಸಿಯಾದರೆ ಕಾಲೇಜಿನ ಹೆಸರು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳ ಪಟ್ಟಿಯಲ್ಲಿದೆಯೇ, ಡೀಮ್ಡ್ ವಿಶ್ವವಿದ್ಯಾಲಯದ್ದಾದರೆ ಪದವಿ ಕೊಡುವವರು ಯಾರು, ಜಿಎನ್‌ಎಂ ಆದರೆ ಪರೀಕ್ಷೆ ನಡೆಸುವುದು ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯೇ ಇಲ್ಲವೇ ಕಾಲೇಜೇ, ಇಷ್ಟನ್ನು ಕೇಳಿ. ‘ಪರೀಕ್ಷೆ ನಾವೇ ಮಾಡುತ್ತೇವೆ’ ಎಂದ ಕಡೆಯಿಂದ ಎದ್ದು ಬನ್ನಿ. ಹೊರರಾಜ್ಯಕ್ಕೋ ಹೊರದೇಶಕ್ಕೋ ಹೋಗುವ ಯೋಚನೆಯಿದ್ದರೆ ಭಾರತೀಯ ಶುಶ್ರೂಷಾ ಪರಿಷತ್ತಿನ ಪಟ್ಟಿಯನ್ನೂ ನೋಡಿ. ಆಮೇಲೆ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಅವರ ಆಸ್ಪತ್ರೆಗೆ ಹೋಗಿ ಮಂಚಗಳನ್ನಲ್ಲ, ಮಂಚದ ಮೇಲೆ ಮಲಗಿರುವವರನ್ನು ಎಣಿಸಿ. ರೋಗಿಗಳಿಲ್ಲದ ವಾರ್ಡಿನಲ್ಲಿ ನೀವು ಕಲಿಯುವುದು ಬೆಡ್‌ಶೀಟ್ ಹಾಸುವುದನ್ನಷ್ಟೇ. ಮೂಲ ಅಂಕಪಟ್ಟಿಗಳನ್ನು ‘ಸೀಟು ಹಿಡಿದಿಡಲು’ ಯಾರ ಕೈಗೂ ಕೊಡಬೇಡಿ. ಪರಿಶೀಲನೆಗೆ ಕೊಟ್ಟರೂ ರಸೀದಿ ಬರೆಸಿಕೊಳ್ಳಿ.

ಕೆಲಸದಲ್ಲಿರುವವರಿಗೆ ಇನ್ನೊಂದು ಆಮಿಷ ಬರುತ್ತದೆ: ‘ಕಾಲೇಜಿಗೆ ಬರುವುದೇ ಬೇಡ, ಪರೀಕ್ಷೆಗೆ ಬನ್ನಿ ಸಾಕು.’ ದಯವಿಟ್ಟು ಬೇಡ. ಪರೀಕ್ಷೆಗೆ ಕೂರಲು ಪ್ರತಿ ವಿಷಯದಲ್ಲೂ ಥಿಯರಿ, ಪ್ರಾಕ್ಟಿಕಲ್ ಎರಡಕ್ಕೂ ಶೇ 80 ಹಾಜರಿ ಬೇಕು. ಕೋರ್ಸು ಮುಗಿಸಿ ಪದವಿ, ಡಿಪ್ಲೊಮಾ ಕೈಗೆ ಬರುವ ಮುಂಚೆ ಪ್ರಾಕ್ಟಿಕಲ್ ಹಾಜರಿ ನೂರಕ್ಕೆ ನೂರು ತುಂಬಿರಬೇಕು. ರಜೆಗೆ ಕಾರಣ ಯಾವುದೇ ಇರಲಿ, ಇದೇ ಲೆಕ್ಕ. 120 ಗಂಟೆಯ ವಿಷಯವೊಂದನ್ನು ತೆಗೆದುಕೊಳ್ಳಿ. 96 ಗಂಟೆ ಕೂರಲೇಬೇಕು, ಕೈಯಲ್ಲಿ ಉಳಿಯುವುದು 24. ದಿನಕ್ಕೆ ಎರಡು ಗಂಟೆಯಂತೆ ಹನ್ನೆರಡು ದಿನ. ಅದರೊಳಗೆ ಗೌರಿ ಹಬ್ಬ, ಊರ ಜಾತ್ರೆ, ಮೈದುನನ ಮದುವೆಯ ನಾಲ್ಕು ದಿನ, ಮಗುವಿಗೆ ಜ್ವರ ಬಂದ ಮೂರು ದಿನ, ಎಲ್ಲವೂ ಹಿಡಿಯಬೇಕು. ಹದಿಹರೆಯದವರು ಹಾಸ್ಟೆಲಿನಲ್ಲಿ ಇರುತ್ತಾರೆ, ಈ ಲೆಕ್ಕ ಅವರಿಗೆ ಬೇಕಾಗಿಲ್ಲ. ನಿಮಗೆ ಬೇಕು. ಸೇರುವ ಮುಂಚೆಯೇ ಮನೆಯವರನ್ನು ಕೂರಿಸಿಕೊಂಡು ಕ್ಯಾಲೆಂಡರ್ ಎದುರಿಟ್ಟು ಮಾತಾಡಿ. ನೈಟ್ ಡ್ಯೂಟಿ ಇದ್ದಾಗ ಮಗುವಿನ ಪಕ್ಕ ಮಲಗುವವರು ಯಾರು ಎಂಬುದು ಅಂದೇ ತೀರ್ಮಾನವಾಗಲಿ. ಓದು ಬಿಟ್ಟವರಲ್ಲಿ ಹೆಚ್ಚಿನವರು ಬಿಟ್ಟದ್ದು ಪಾಠ ತಲೆಗೆ ಹತ್ತದೆ ಅಲ್ಲ, ಈ ಮಾತು ಮೊದಲೇ ಆಗದೆ.

ಪಾಠದ ವಿಷಯಕ್ಕೆ ಬಂದರೆ, ವಯಸ್ಸಾದ ಮೇಲೆ ಓದುವವರು ಹೆದರುವುದು ಅನಾಟಮಿಗೆ, ಎಡವುವುದು ಲೆಕ್ಕಕ್ಕೆ. ಒಂದನ್ನು ಹತ್ತಿರದಿಂದ ನೋಡಿ. ವೈದ್ಯರು 500 ಎಂಎಲ್ ಸಲೈನು ನಾಲ್ಕು ಗಂಟೆಯಲ್ಲಿ ಹೋಗಲಿ ಎಂದು ಬರೆದಿದ್ದಾರೆ. ಡ್ರಿಪ್ ಸೆಟ್ಟಿನ ಪ್ಯಾಕೆಟ್ಟಿನ ಮೇಲೆ 20 ಎಂದಿದೆ, ಅಂದರೆ ಎಂಎಲ್‌ಗೆ 20 ಹನಿ. ಒಟ್ಟು 10,000 ಹನಿ, ನಾಲ್ಕು ಗಂಟೆಯೆಂದರೆ 240 ನಿಮಿಷ. ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಗಡಿಯಾರ ಹಿಡಿದು ಹತ್ತು ಸೆಕೆಂಡು ನೋಡಿದರೆ ಏಳು ಹನಿ ಬೀಳಬೇಕು. ಇಷ್ಟೇ. ಅದೇ ಮಕ್ಕಳ ಮೈಕ್ರೋ ಸೆಟ್ಟಾದರೆ ಎಂಎಲ್‌ಗೆ 60 ಹನಿ. ಸೆಟ್ಟು ಬದಲಾದದ್ದನ್ನು ಗಮನಿಸದೆ ಹಳೆಯ ಎಣಿಕೆಯನ್ನೇ ಹಿಡಿದರೆ ದ್ರವ ಮೂರರಲ್ಲಿ ಒಂದು ಪಾಲಾಗಿಬಿಡುತ್ತದೆ, ಇಲ್ಲವೇ ಮೂರು ಪಟ್ಟಾಗಿಬಿಡುತ್ತದೆ. ಸಿರಪ್ಪಿನದೂ ಇದೇ ದಾರಿ: 5 ಎಂಎಲ್‌ನಲ್ಲಿ 250 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದ್ದು, 180 ಮಿಲಿಗ್ರಾಂ ಕೊಡಬೇಕಿದ್ದರೆ 3.6 ಎಂಎಲ್. ಏಳನೇ ತರಗತಿಯ ಭಿನ್ನರಾಶಿ, ದಶಮಾಂಶ ಮರೆತಿದ್ದರೆ ಮಗನ ಪುಸ್ತಕವನ್ನೇ ತೆಗೆಯಿರಿ, ಸೇರುವ ಎರಡು ತಿಂಗಳ ಮುಂಚೆ.

ಕನ್ನಡ ಮಾಧ್ಯಮದವರು ಇಂಗ್ಲಿಷ್ ಪದಗಳನ್ನು ಇಡಿಯಾಗಿ ಬಾಯಿಪಾಠ ಮಾಡಲು ಹೋಗಿ ಸೋಲುತ್ತಾರೆ. ಪದವನ್ನು ತುಂಡು ಮಾಡಿ. ‘ಹೈಪೋ’ ಎಂದರೆ ಕಡಿಮೆ, ‘ಹೈಪರ್’ ಎಂದರೆ ಹೆಚ್ಚು, ‘ಗ್ಲೈಸೀಮಿಯಾ’ ಎಂದರೆ ರಕ್ತದ ಸಕ್ಕರೆ. ಹೈಪೋ ಆದವರಿಗೆ ಬೇಕಿರುವುದು ಗ್ಲೂಕೋಸು. ಅವರನ್ನು ಹೈಪರ್ ಎಂದುಕೊಂಡು ಇನ್ಸುಲಿನ್ ಕೊಟ್ಟರೆ ಪ್ರಾಣಕ್ಕೇ ಅಪಾಯ. ತುಂಡುಗಳ ಅರ್ಥ ಗೊತ್ತಿದ್ದವರು ಈ ತಪ್ಪು ಮಾಡುವುದಿಲ್ಲ.

35 ದಾಟಿದವರು ನಿರಾಶರಾಗಬೇಕಿಲ್ಲ, ಆದರೆ ಪ್ರಶ್ನೆ ಅದೇ ಇರಲಿ. ವಿಜ್ಞಾನ ಪಿಯುಸಿ ಇದ್ದರೆ ಡಿ.ಫಾರ್ಮ್, ಅಂದರೆ ಫಾರ್ಮಸಿ ಡಿಪ್ಲೊಮಾ ಇದೆ: ಎರಡು ವರ್ಷ, ಜೊತೆಗೆ 500 ಗಂಟೆಯ ಪ್ರಾಯೋಗಿಕ ತರಬೇತಿ. 1948ರ ಫಾರ್ಮಸಿ ಕಾಯ್ದೆಯಡಿ ನೋಂದಣಿ. 2022ರಲ್ಲಿ ಎಕ್ಸಿಟ್ ಪರೀಕ್ಷೆಯ, ಅಂದರೆ ಓದು ಮುಗಿದ ಮೇಲೆ ನೋಂದಣಿಗೆ ಮುಂಚೆ ಬರೆಯಬೇಕಾದ ಪರೀಕ್ಷೆಯ ನಿಯಮವೂ ಬಂದಿರುವುದರಿಂದ ಅದರ ಸ್ಥಿತಿ ವಿಚಾರಿಸಿಯೇ ಸೇರಿ. ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಆಪರೇಷನ್ ಥಿಯೇಟರ್ ತಂತ್ರಜ್ಞರ ಡಿಪ್ಲೊಮಾಗಳಿಗೆ ರಾಜ್ಯದ ಪ್ಯಾರಾಮೆಡಿಕಲ್ ಮಂಡಳಿ ಇದೆ. ಇಲ್ಲಿನ ವೃತ್ತಿಗಳಿಗೂ ರಿಜಿಸ್ಟರ್ ಇರಬೇಕೆಂದು 2021ರಲ್ಲಿ ಕೇಂದ್ರ ಕಾಯ್ದೆಯೇ ಆಗಿದೆ. ಬೆನ್ನುನೋವು, ಮಂಡಿನೋವು ಇರುವವರಿಗೆ ರೋಗಿಯನ್ನು ಎತ್ತಿ ಮಲಗಿಸುವ ನರ್ಸಿಂಗಿಗಿಂತ ಲ್ಯಾಬಿನ ಕೆಲಸವೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಸೀಟು ಸಿಕ್ಕಿತು ಎಂದು ಸಿಹಿ ಹಂಚುವ ವಾರ ಎರಡು ಕೆಲಸ ಮಾಡಿಬಿಡಿ. ಆಧಾರ್, ಪಿಯುಸಿ, ಎಸ್ಸೆಸ್ಸೆಲ್ಸಿ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ಇದೆಯೇ ನೋಡಿ. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿಕೊಂಡವರ ಕಡತ ನೋಂದಣಿಯ ಹೊತ್ತಿಗೆ ತಿಂಗಳುಗಟ್ಟಲೆ ನಿಲ್ಲುವುದು ಇದಕ್ಕೇ. ಇನ್ನೊಂದು, ಹೆಪಟೈಟಿಸ್ ಬಿ ಲಸಿಕೆ. ಮೊದಲ ಡೋಸಾಗಿ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ವಾರ್ಡಿಗೆ ಕಳಿಸುವ ಹೊತ್ತಿಗೆ ಮೈಯಲ್ಲಿ ರಕ್ಷಣೆ ಇರಬೇಕಾದರೆ ಮೊದಲ ಸೂಜಿ ಆ ವಾರವೇ ಬೀಳಬೇಕು. ಮೂರನೇ ಡೋಸು ಮುಗಿದು ಒಂದೆರಡು ತಿಂಗಳಿಗೆ ರಕ್ತಪರೀಕ್ಷೆ ಮಾಡಿಸಿ, ರಕ್ಷಣಾ ಮಟ್ಟ 10ರ ಮೇಲೆ ಬಂದಿದ್ದರೆ ಆ ಚೀಟಿಯನ್ನು ಅಂಕಪಟ್ಟಿಗಳ ಫೈಲಿನಲ್ಲೇ ಇಟ್ಟುಕೊಳ್ಳಿ.